ಎದೆಯುರಿಗೆ ಹಚ್ಚಿದ ಎರಡನೇ ಒಲೆ

ಅನುಮಾನ ಪಡುವುದು ಕೆಟ್ಟ ಗುಣ ಎಂದು ದೊಡ್ಡವರು ಹೇಳುತ್ತಾರೆ. ಹಾಗೆ ಹೇಳುವವರಿಗೆ ತೆಂಗಿನ ತೋಟ ಇರಲಿಕ್ಕಿಲ್ಲ. ನಮ್ಮ ಸೀಮೆಯಲ್ಲಿ ಅನುಮಾನವಿಲ್ಲದವನು ಕೊಬ್ಬರಿ ಮಾಡಲಾರ. ಕಾಯನ್ನು ಮರದಿಂದ ಇಳಿಸಿ, ಅಟ್ಟಕ್ಕೆ ಹಾಕಿ, ವರ್ಷ ಹತ್ತಿರ ಅದರ ಪಾಡಿಗೆ ಅದನ್ನು ಬಿಟ್ಟು, ಆಮೇಲೆ ಒಂದೊಂದನ್ನೇ ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ಒಳಗೆ ಒಣಗಿದ ಇಡೀ ತಿರುಳು, ಅಂದರೆ ಗಿಟುಕು, ಬಿಡಿಯಾಗಿ ಲೊಟಗುಟ್ಟಿದರೆ ಕೊಬ್ಬರಿ ಆಗಿದೆ. ನೀರು ಕುಲುಕಿದರೆ ಇನ್ನೂ ಹಸಿ. ಏನೂ ಸದ್ದಿಲ್ಲದಿದ್ದರೆ ಒಳಗೆ ಕೆಟ್ಟು ಚಿಪ್ಪಿಗೆ ಅಂಟಿಕೊಂಡಿದೆ ಎಂದು ತಿಳಿಯಬೇಕು. ಹೊರಗಿನಿಂದ ನೋಡಿದರೆ ಮೂರೂ ಒಂದೇ ತಾಯಿಯ ಮಕ್ಕಳಂತೆ ಮುಗ್ಧವಾಗಿ ಕೂತಿರುತ್ತವೆ. ಬದುಕೆಲ್ಲ ಹೀಗೆ ಕಾಯಿ ಅಲ್ಲಾಡಿಸಿದವನಿಗೆ ಮನುಷ್ಯರನ್ನೂ ಅಲ್ಲಾಡಿಸಿ ನೋಡುವ ಚಟ ಹತ್ತಿದರೆ ಆಶ್ಚರ್ಯವೇನು? ತಿಪಟೂರಿನ ಮಾರುಕಟ್ಟೆಗೆ ಹೋದರೆ ನನಗೆ ತಕ್ಕಡಿಯ ಮೇಲೆ ಅನುಮಾನ. ಬಸ್ಸು ಹತ್ತಿದರೆ ಪಕ್ಕದಲ್ಲಿ ನಿದ್ದೆ ಮಾಡುವವನ ಮೇಲೆ ಅನುಮಾನ, ಅವನು ನಿಜವಾಗಿ ನಿದ್ದೆ ಮಾಡುತ್ತಿದ್ದಾನೋ ಇಲ್ಲವೋ ಎಂದು. ಎಸ್ಸೆಸ್ಸೆಲ್ಸಿ ಪಾಸಾದಾಗ ಪತ್ರಿಕೆಯಲ್ಲಿ ಬಂದ ನನ್ನ ನಂಬರನ್ನು ನಾನೇ ನಂಬದೆ ಹೈಸ್ಕೂಲಿನ ತನಕ ನಡೆದುಹೋಗಿ ಕೇಳಿಬಂದವನು ನಾನು. ಇಷ್ಟರವರೆಗೆ ಇದರಿಂದ ಯಾರಿಗೂ ಹೆಚ್ಚಿನ ತೊಂದರೆ ಆಗಿರಲಿಲ್ಲ. ಆದರೆ ಕಳೆದ ವರ್ಷ ಈ ಅನುಮಾನವನ್ನು ಅಟ್ಟದಿಂದ ಅಡುಗೆಮನೆಗೆ ಇಳಿಸಿಬಿಟ್ಟೆ. ನನ್ನ ಸೊಸೆ ಸವಿತಾಳ ಹೆಸರನ್ನು ನನ್ನ ಬಾಯಾರೆ ಕೆಡಿಸಿದೆ. ಅದನ್ನು ಒಪ್ಪಿಕೊಳ್ಳಲೆಂದೇ ಕೂತಿದ್ದೇನೆ.

ಎಲ್ಲಕ್ಕೂ ಕಾರಣ ಎದೆಯುರಿ. ಹಗಲೆಲ್ಲ ನನ್ನ ಎದೆ ಒಳ್ಳೆಯ ಎದೆ. ತೋಟ ಸುತ್ತುತ್ತದೆ, ದನಕ್ಕೆ ಹುಲ್ಲು ಹೊರುತ್ತದೆ, ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋಗುತ್ತದೆ. ಉಂಡು ಮಲಗಿ, ಕಣ್ಣು ಅಂಟುವ ಹೊತ್ತಿಗೆ ಮಾತ್ರ ಒಳಗೆ ಯಾರೋ ಒಲೆ ಹೂಡುತ್ತಾರೆ. ಹೊಟ್ಟೆಯಿಂದ ಹೊರಟದ್ದು ಎದೆ ದಾಟಿ ಗಂಟಲಿಗೆ ಬಂದು, ಹುಳಿಹುಳಿಯಾಗಿ ಬಾಯಿಗೆ ಬರುತ್ತದೆ. ಎದ್ದು ಕೂತರೆ ಇಳಿಯುತ್ತದೆ, ಮಲಗಿದರೆ ಏರುತ್ತದೆ. ಮೊದಲ ಸಲ ಹೀಗಾದಾಗ ನಾನು ಹಾರ್ಟ್ ಅಟ್ಯಾಕ್ ಎಂದೇ ತಿಳಿದೆ. ನಮ್ಮ ಕಡೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಿದವರು ಹಾರ್ಟ್ ಆಗಿ ಹೋಗಿಬಿಟ್ಟ ಉದಾಹರಣೆಗಳು ಊರಿಗೊಂದಿವೆ. ಹಾಗಾಗಿ ಮಗ ಲೋಕೇಶ ಬೆಳಗಾಗುತ್ತಲೇ ತುರುವೇಕೆರೆಗೆ ಕರೆದೊಯ್ದ. ಅವನಿಗೆ ಮಾಯಸಂದ್ರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳನ್ನು ದಿನಾ ನೋಡುವವನಾದ್ದರಿಂದ ಅಪ್ಪನಿಂದ ಸುಟ್ಟ ವಾಸನೆ ಬರುವ ಮೊದಲೇ ಹೊರಡಿಸಿದ್ದು ಒಳ್ಳೆಯದೇ ಆಯಿತು. ಡಾಕ್ಟರು ಇಸಿಜಿ ತೆಗೆದು, ಕಾಗದವನ್ನು ಮೇಲಿನಿಂದ ಕೆಳಗೆ ಓದಿ, "ಹಾರ್ಟು ಗಟ್ಟಿಯಾಗಿದೆ ಯಜಮಾನ್ರೆ. ಇದು ಆಸಿಡ್. ಹೊಟ್ಟೇಲಿರೋದು ಮೇಲಕ್ಕೆ ಬರ್ತಾ ಇದೆ" ಎಂದರು. ಹಾರ್ಟ್ ಎಂದುಕೊಂಡು ಹೋದವನು ಗ್ಯಾಸ್ ಆಗಿ ವಾಪಸ್ಸು ಬಂದೆ. ಒಳಗೊಳಗೆ ಸ್ವಲ್ಪ ಅವಮಾನವೂ ಆಯಿತೆನ್ನಿ. ಕಾರು ಮಾಡಿಕೊಂಡು ಹೋದ ಕಾಯಿಲೆಗೆ ಒಂದು ಮರ್ಯಾದೆ ಬೇಡವೇ?

ಡಾಕ್ಟರು ಕೇಳಿದ್ದಕ್ಕೆಲ್ಲ ನಾನು ಸತ್ಯವನ್ನೇ ಹೇಳಿದೆ. ಬೀಡಿ ಇಲ್ಲ. ಕುಡಿತ ಇಲ್ಲ. ರಾತ್ರಿ ಮುದ್ದೆ, ಸಾರು, ಮೇಲೆ ಒಂದು ಲೋಟ ಮಜ್ಜಿಗೆ. "ಊಟ ಆದ್ಮೇಲೆ ಮಲಗೋ ತನಕ ಇನ್ನೇನಾದ್ರೂ ತಿಂತೀರಾ?" ಎಂದರು. "ಏನೂ ಇಲ್ಲ ಸಾರ್" ಎಂದೆ. ದೇವರಾಣೆಗೂ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ. ನನ್ನ ಮಂಚ ಇರುವುದು ಅಟ್ಟದ ಕೆಳಗೆ. ಸುಲಿಯುವಾಗ ಒಡೆದುಹೋದ ಕೊಬ್ಬರಿ ಮಾರುಕಟ್ಟೆಗೆ ನಡೆಯುವುದಿಲ್ಲ, ಹಾಗಾಗಿ ಅದು ಒಂದು ಬಿದಿರಿನ ಪುಟ್ಟಿಯಲ್ಲಿ ನನ್ನ ಮಂಚದ ಪಕ್ಕದಲ್ಲೇ ಇರುತ್ತದೆ. ಮಲಗುವ ಮುಂಚೆ ಅದರಲ್ಲೊಂದು ಹೋಳು ತೆಗೆದು, ಒಂದು ಚೂರು ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡು, ಅದು ಕರಗುವ ತನಕ ನಾಳೆಯ ಕೆಲಸ ಯೋಚಿಸುವುದು ನನ್ನ ಅಪ್ಪನ ಕಾಲದಿಂದ ಬಂದ ಪದ್ಧತಿ. ಒಂದು ಹೋಳು ಕರಗಿ ಯೋಚನೆ ಉಳಿದರೆ ಇನ್ನೊಂದು ಹೋಳು. ಇದನ್ನು ನಮ್ಮ ಕಡೆ ತಿನ್ನುವುದು ಎಂದು ಯಾರೂ ಕರೆಯುವುದಿಲ್ಲ. ಬಾಯಾಡಿಸುವುದು ಎನ್ನುತ್ತೇವೆ. ಉಸಿರಾಡುವುದನ್ನು ಡಾಕ್ಟರಿಗೆ ಹೇಳುತ್ತೇವೆಯೇ? ಅಲ್ಲದೆ ತೆಂಗು ತಂಪು ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಎದೆ ಉರಿಯಲು ಶುರುವಾದ ಮೇಲೆ ತಂಪಾಗಲಿ ಎಂದು ನಾನು ಒಂದೆರಡು ಹೋಳು ಹೆಚ್ಚೇ ಬಾಯಾಡಿಸುತ್ತಿದ್ದೆ.

ಡಾಕ್ಟರು ಮಾತ್ರೆ ಕೊಟ್ಟರು, ಕತ್ತಲಾಗುತ್ತಲೇ ಉಣ್ಣಿ ಎಂದರು, ಎಡಮಗ್ಗುಲಾಗಿ ಮಲಗಿ ಎಂದರು. ಅಲ್ಲಿಗೇ ನನಗೆ ಡಾಕ್ಟರ ಮೇಲೆ ಅನುಮಾನ ಬಂತು. ಎಡಮಗ್ಗುಲಲ್ಲಿ ಏಳಬಾರದು ಎಂದು ನನ್ನ ಅವ್ವ ಬೆನ್ನಿಗೆ ಗುದ್ದಿ ಕಲಿಸಿದ್ದಳು. ರಾತ್ರಿಯೆಲ್ಲ ಎಡಮಗ್ಗುಲಾಗಿ ಮಲಗಿ, ಏಳುವ ಹೊತ್ತಿಗೆ ಸರಿಯಾಗಿ ಬಲಕ್ಕೆ ಹೊರಳು ಎಂದು ನಿದ್ದೆಗೆ ಹೇಳಿಡುವುದು ಹೇಗೆ? ಇನ್ನೊಂದು ಮಾತು ಹೇಳಿದರು: ತಲೆದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಂಡು ಉರಿ ಹೆಚ್ಚುತ್ತದೆ, ಮಂಚದ ತಲೆಕಡೆಯನ್ನೇ ಎತ್ತರಿಸಿ. ಒಣಗಿ ಬಿದ್ದ ತೆಂಗಿನ ಮರದ ಎರಡು ತುಂಡು ತಂದು ತಲೆಕಡೆಯ ಕಾಲುಗಳ ಕೆಳಗೆ ಕೊಟ್ಟೆ. ಹತ್ತುವಾಗ ಚೆನ್ನಾಗಿತ್ತು, ರಾಜರ ಮಂಚದ ಹಾಗೆ. ಬೆಳಗ್ಗೆ ನೋಡಿದರೆ ನಾನೂ ನನ್ನ ಹೆಂಡತಿ ಗೌರಮ್ಮನೂ ಹೊದಿಕೆ ಸಮೇತ ಕಾಲುಕಡೆಗೆ ಜಾರಿ, ಇಳಿಜಾರಿನಲ್ಲಿ ಬಿಟ್ಟ ಎರಡು ಮೂಟೆಗಳ ಹಾಗೆ ಒತ್ತಿಕೊಂಡಿದ್ದೆವು. "ಇದೇನ್ ಮಂಚವೋ ಜಾರಬಂಡೆಯೋ? ಈ ವಯಸ್ನಲ್ಲಿ ನನ್ ಕೈಲಾಗಲ್ಲಪ್ಪ" ಎಂದು ಅವಳು ಚಾಪೆ ಸುತ್ತಿಕೊಂಡು ನಡುಮನೆಗೆ ಹೋದಳು. ಅವಳು ಹೋದ ಮೇಲೆ ಮಂಚದಲ್ಲಿ ಜಾಗ ಹೆಚ್ಚಾಯಿತು, ಜಾರುವ ದೂರವೂ ಹೆಚ್ಚಾಯಿತು, ಉರಿ ಮಾತ್ರ ಕಡಿಮೆಯಾಗಲಿಲ್ಲ.

ಆಗ ಶುರುವಾಯಿತು ನೋಡಿ ನನ್ನ ಪತ್ತೇದಾರಿ. ಮನೆಯಲ್ಲಿರುವ ಎಲ್ಲವನ್ನೂ ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಮೊದಲು ಬೋರ್‌ವೆಲ್ ನೀರು. ಅದನ್ನು ಬಿಟ್ಟು ಊರಿನ ಶುದ್ಧ ನೀರಿನ ಘಟಕದ ಕ್ಯಾನು ತರಿಸಿದೆ. ಆಮೇಲೆ ಕ್ಯಾನಿನ ಮೇಲೆ ಅನುಮಾನ ಬಂತು. ಬಳಿಕ ಹೊಸ ಟೂತ್‌ಪೇಸ್ಟು, ಅದರಲ್ಲಿ ಖಾರದ ಲವಂಗದ ವಾಸನೆ ಇತ್ತು. ಅದನ್ನು ಬಿಟ್ಟು ಬೇವಿನಕಡ್ಡಿ ಹಿಡಿದೆ, ವಸಡು ಕಿತ್ತು ರಕ್ತ ಬಂತೇ ಹೊರತು ಉರಿ ಹೋಗಲಿಲ್ಲ. ಮಾತ್ರೆ ಅಂಗಡಿಯವನು ಬೇರೆ ಕಂಪನಿಯ ಮಾತ್ರೆ ಕೊಟ್ಟಿರಬಹುದು ಎಂದು ಒಂದು ದಿನ, ಮಾತ್ರೆಯೇ ಉರಿ ತರುತ್ತಿರಬಹುದು ಎಂದು ಇನ್ನೊಂದು ದಿನ. ಹೀಗೆ ಎಲ್ಲರನ್ನೂ ಬಿಡುಗಡೆ ಮಾಡುತ್ತ ಬಂದಾಗ ಕೊನೆಗೆ ಉಳಿದದ್ದು ಸೊಸೆಯ ಸಾರು.

ಸವಿತಾ ಹುಳಿಯಾರು ಕಡೆಯವಳು. ಆ ಕಡೆಯವರು ಬೋರನಕಣಿವೆ ಅಣೆಕಟ್ಟಿನ ನೀರು ಕುಡಿದು ಬೆಳೆದವರು, ಖಾರಕ್ಕೆ ಅಂಜುವವರಲ್ಲ ಎಂದು ನಾನು ಮದುವೆಯಲ್ಲೇ ಕಂಡಿದ್ದೆ. ಬೀಗರ ಊಟದಲ್ಲಿ ಅವರು ಸಾರು ಸುರಿದುಕೊಳ್ಳುತ್ತಿದ್ದರೆ ನಮ್ಮವರು ಮಜ್ಜಿಗೆಯ ಕೊಳಗ ಎಲ್ಲಿದೆ ಎಂದು ಹುಡುಕುತ್ತಿದ್ದರು. ಆದರೆ ಅವಳು ಬಂದು ಎಂಟು ವರ್ಷ ಅದೇ ಸಾರು ಉಂಡು ನಾನು ಸುಖವಾಗಿ ಮಲಗಿದ್ದೆನಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಮಧ್ಯಾಹ್ನ ಉಂಡ ಸಾರೇ ರಾತ್ರಿಯದೂ, ಮಧ್ಯಾಹ್ನ ಯಾಕೆ ಉರಿಯುವುದಿಲ್ಲ ಎಂಬ ಪ್ರಶ್ನೆ ಮಾತ್ರ ಹೊಳೆಯಿತು. ಆದರೆ ಅದಕ್ಕೆ ನಾನು ಕೊಟ್ಟುಕೊಂಡ ಉತ್ತರ ಇನ್ನೂ ಕೆಟ್ಟದಾಗಿತ್ತು: ಸಂಜೆ ಬಿಸಿ ಮಾಡುವಾಗ ಏನೋ ಸೇರಿಸುತ್ತಾಳೆ. ಯಾಕೆ ಸೇರಿಸುತ್ತಾಳೆ ಎಂದು ಕೇಳಿಕೊಳ್ಳಲಿಲ್ಲ. ಅನುಮಾನಕ್ಕೆ ಕಾರಣ ಬೇಕಾಗಿಲ್ಲ, ಅದು ಉದುರಿದ ಕಾಯಿಯ ಹಾಗೆ, ಬಿದ್ದಲ್ಲೇ ಮೊಳೆಯುತ್ತದೆ.

ಸಂಜೆ ಹೊತ್ತು ಅಡುಗೆಮನೆ ಬಾಗಿಲಲ್ಲಿ ನಿಲ್ಲತೊಡಗಿದೆ. ಮೊದಲ ದಿನ ಸವಿತಾ, "ಏನ್ ಬೇಕಿತ್ತು ಮಾವ?" ಎಂದಳು. "ನೀರು" ಎಂದೆ. ಕೊಟ್ಟಳು. ಮಾರನೇ ದಿನವೂ ನೀರು. ಮೂರನೇ ದಿನ ನಾನು ಬಾಗಿಲಿಗೆ ಬರುತ್ತಲೇ ಅವಳೇ ಲೋಟ ಚಾಚಿದಳು. ಬಾಯಾರಿಕೆ ಇಲ್ಲದೆ ಅಷ್ಟು ನೀರು ಕುಡಿಯುವುದು ಸುಲಭವಲ್ಲ, ಅದರಲ್ಲೂ ಸಾರಿನ ಪಾತ್ರೆಯ ಮೇಲೆ ಕಣ್ಣಿಟ್ಟುಕೊಂಡು. ನಾನು ಯಾಕೆ ನಿಂತಿದ್ದೇನೆ ಎಂದು ಅವಳಿಗೆ ತಿಳಿಯದೇ ಇರಲಿಲ್ಲ. ಒಂದು ದಿನ ಒಗ್ಗರಣೆ ಹಾಕುತ್ತ, ತಿರುಗಿ ನೋಡದೆ ಹೇಳಿದಳು, "ಮಾವ, ತಪ್ ತಿಳ್ಕಬೇಡಿ. ರಾತ್ರಿ ಮಲಗೋವಾಗ ತಿಂತೀರಲ್ಲ ಆ ಕೊಬ್ಬರಿ, ಅದನ್ನೊಂದಿಷ್ಟು ದಿನ ಬುಟ್ಟು ನೋಡಿ. ಅದೆಲ್ಲ ಎಣ್ಣೆ ಅಲ್ವ."

ನಾನು ತಪ್ಪಾಗಿಯೇ ತಿಳಿದೆ. ಆ ವರ್ಷ ಕೊಬ್ಬರಿಯ ಧಾರಣೆ ಏರಿತ್ತು. ಓಹೋ, ಇದಾ ವಿಷಯ ಎಂದುಕೊಂಡೆ. ನಾನು ನೆಟ್ಟ ಮರ, ನಾನು ನೀರು ಹೊತ್ತು ಬೆಳೆಸಿದ ಮರ, ಅದರ ಒಡಕು ಹೋಳಿನ ಮೇಲೂ ಈ ಹುಡುಗಿಯ ಕಣ್ಣು. ಆ ರಾತ್ರಿ ಹಟಕ್ಕೆ ಬಿದ್ದು ನಾಲ್ಕು ಹೋಳು ತಿಂದೆ. ಉರಿ ಗಂಟಲು ದಾಟಿ ಕಿವಿಯವರೆಗೂ ಬಂತು. ಎದ್ದು ಕೂತು ಸೊಸೆಯನ್ನು ಬೈದುಕೊಂಡೆ.

ಮನೆಯಲ್ಲಿ ಬೈದುಕೊಂಡಿದ್ದರೆ ಇಷ್ಟು ಬರೆಯುವ ಅಗತ್ಯ ಬರುತ್ತಿರಲಿಲ್ಲ. ಮಾರನೇ ಬೆಳಗ್ಗೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಹೋದೆ. ಅಂಗಡಿ ಶಿವನಂಜನದು, ನನ್ನ ಜೊತೆ ಓದಿದವನು. ಟೀ ಕೊಡುತ್ತ ಮುಖ ನೋಡಿದ.

"ಯಾಕ್ಲಾ, ರಾತ್ರಿ ಯಾರಾದ್ರೂ ಬಡಿದ್ರಾ?"

"ನಿದ್ದೆ ಇಲ್ಲ ಕಣ್ಲಾ. ಎದೆ ಉರಿ."

"ಅಡಿಗೆ ಯಾರ್ದೀಗ? ಅತ್ತಿಗೇದಾ?"

"ಅವಳೆಲ್ಲಿ ಮಾಡ್ತಾಳೆ. ಸೊಸೇದು."

"ಹುಳಿಯಾರ್ ಕಡೆ ಹೆಣ್ಣಲ್ವಾ?"

"ಹೂಂ."

"ಮತ್ತೆ."

ಆ 'ಮತ್ತೆ' ಎಂಬ ಒಂದೇ ಮಾತಿನಲ್ಲಿ ವಿಚಾರಣೆ, ಸಾಕ್ಷಿ, ತೀರ್ಪು ಮೂರೂ ಮುಗಿದಿದ್ದವು. ನಾನು ಅಲ್ಲಿಗೆ ಸುಮ್ಮನಾಗಬೇಕಿತ್ತು. ನನ್ನ ನೋವಿಗೆ ಒಬ್ಬ ಶ್ರೋತೃ ಸಿಕ್ಕ ಖುಷಿಯಲ್ಲಿ, "ಮಧ್ಯಾಹ್ನ ಉಂಡ್ರೆ ಏನೂ ಆಗಲ್ಲ ಕಣ್ಲಾ, ರಾತ್ರಿ ಉಂಡ್ರೆ ಮಾತ್ರ. ಅದೇನ್ ಹಾಕ್ತಾಳೋ" ಎಂದುಬಿಟ್ಟೆ. ಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತಿದ್ದವರು ನಾಲ್ಕು ಜನ ಇದ್ದರು. ನಾಲ್ಕು ಜನವೂ ಬೇರೆ ಬೇರೆ ಬಸ್ಸು ಹತ್ತಿದರು.

ಇಷ್ಟು ಸಾಲದು ಎಂಬಂತೆ ಅದೇ ವಾರ ನಾನು ಎರಡನೇ ಒಲೆ ಹಚ್ಚಿದೆ. ಅಟ್ಟದ ಕೆಳಗೆ, ಮಂಚದ ಆಚೆ ಮೂಲೆಯಲ್ಲಿ, ಒಂದು ಕರೆಂಟು ಒಲೆ ಇಟ್ಟು, ನನ್ನ ಪಾಡಿಗೆ ನಾನು ಮೆತ್ತಗೆ ಅನ್ನ ಮಾಡಿಕೊಂಡು ಮಜ್ಜಿಗೆ ಕಲಸಿ ಉಣ್ಣುವುದು ಎಂದು ತೀರ್ಮಾನಿಸಿದೆ. ಪಟ್ಟಣದವರಿಗೆ ಇದು ದೊಡ್ಡದಾಗಿ ಕಾಣಲಿಕ್ಕಿಲ್ಲ. ನಮ್ಮ ಕಡೆ ಮನೆ ಪಾಲಾಯಿತೋ ಇಲ್ಲವೋ ಎಂದು ತಿಳಿಯಲು ಯಾರೂ ಪತ್ರ ನೋಡುವುದಿಲ್ಲ, ಒಲೆ ಎಣಿಸುತ್ತಾರೆ. ಅಣ್ಣತಮ್ಮಂದಿರು ಮಾತು ಬಿಟ್ಟು ಹತ್ತು ವರ್ಷವಾಗಿದ್ದರೂ ಒಂದೇ ಒಲೆಯ ಅನ್ನ ಉಣ್ಣುತ್ತಿದ್ದರೆ ಅದು ಒಂದೇ ಮನೆ. ಒಲೆ ಎರಡಾದ ದಿನ ಗೋಡೆ ಎದ್ದ ಹಾಗೆ ಲೆಕ್ಕ.

ಲೋಕೇಶ ಅಂಗಡಿಯಿಂದ ಬಂದವನು ಆ ಮೂಲೆಯಲ್ಲಿ ಹಬೆ ಏಳುವುದನ್ನು ಕಂಡು ಬಾಗಿಲಲ್ಲೇ ನಿಂತ.

"ಏನಪ್ಪ ಇದು?"

"ನಂಗೆ ಬೇರೆ ಮಾಡ್ಕತೀನಿ ಕಣಪ್ಪ. ಖಾರ ತಡೆಯಲ್ಲ."

"ಖಾರ ಕಮ್ಮಿ ಹಾಕು ಅಂದ್ರೆ ಅವಳು ಹಾಕಲ್ವಾ? ಒಂದ್ ಮಾತು ಕೇಳ್ದ್ಯಾ ನೀನು?"

"ನಾನ್ಯಾಕೆ ಕೇಳ್ಲಿ. ಉಣ್ಣೋರ ಹೊಟ್ಟೆ ನೋಡಿ ಮಾಡೋಳು ಮಾಡಬೇಕು."

ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೂ ಜಗಳ ಆಡಲು ಅನುಕೂಲ ಆಗುತ್ತಿತ್ತು. "ಟೀ ಅಂಗಡೀಲಿ ಏನಂದಿದ್ದೀಯ ಅಂತ ನನ್ ಅಂಗಡಿಗೇ ಬಂದು ಹೇಳವ್ರೆ. ಮೋಟಾರು ಬಿಚ್ಕಂಡ್ ಕೂತಿದ್ದೆ, ತಲೆ ಎತ್ತಕ್ಕಾಗ್ಲಿಲ್ಲ. ಈಗ ಒಲೆ ಬೇರೆ. ಹಿಂಗೇ ಆದ್ರೆ ಅವಳು ಈ ಮನೇಲಿ ಹೆಂಗಪ್ಪ ಇರ್ತಾಳೆ? ನಾವೇ ಮಾಯಸಂದ್ರದಲ್ಲಿ ಮನೆ ನೋಡ್ಕತೀವಿ, ಬುಡು" ಎಂದು ಒಳಗೆ ಹೋದ.

ಗೌರಮ್ಮ ಒಳಗಿನಿಂದಲೇ, "ಆ ಒಲೇಲಿ ನಿಮಗೆ ಮಾತ್ರ ಬೇಯಿಸ್ಕಳಿ. ನಂದು ನನ್ ಸೊಸೆ ಒಲೆ" ಎಂದಳು. ಅಡುಗೆಮನೆ ಬಾಗಿಲಿಗೆ ಹೋದರೆ ಸವಿತಾ ಎಂದಿನಂತೆ ನೀರಿನ ಲೋಟ ಚಾಚಿದಳು, ಮುಖ ಮಾತ್ರ ಒಲೆಯ ಕಡೆಗಿತ್ತು. ಮಗ ಸೊಸೆ ಹೊರಟುಹೋದರೆ ಎಂದು ನೆನೆದು ಅಂದು ಎದೆ ಬೇರೆ ತರಹವೇ ಉರಿಯಿತು. ಆದರೂ ಒಲೆ ಆರಿಸಲಿಲ್ಲ. ತಪ್ಪು ಮಾಡುತ್ತಿದ್ದೇನೆ ಎಂದು ಅನ್ನಿಸಿದ ಮೇಲೆ ನಿಲ್ಲಿಸುವುದು ಬುದ್ಧಿವಂತರ ಲಕ್ಷಣ. ನಮ್ಮಂಥವರು ಅನ್ನ ಬೆಂದಿದೆ ಎಂದು ಉಣ್ಣುತ್ತೇವೆ.

ಉಂಡದ್ದೇನು? ಮಜ್ಜಿಗೆ, ಅನ್ನ, ಉಪ್ಪು. ಮೆಣಸಿನಕಾಯಿಯ ನೆರಳೂ ಇಲ್ಲ. ಕೂಸಿಗೆ ಕೊಡಬಹುದಾದ ಊಟ. ಮೇಲೆ ಎಂದಿನಂತೆ ಬಾಯಾಡಿಸಿ, ಜಾರಬಂಡೆ ಹತ್ತಿ, ಎಡಮಗ್ಗುಲಾದೆ. ಉರಿ ಹೇಳಿಕಳಿಸಿದ ಹಾಗೆ ಬಂತು. ಬುದ್ಧಿ ಇದ್ದವನಾದರೆ ಅಲ್ಲಿಗೆ ಸೊಸೆಯನ್ನು ಬಿಡುಗಡೆ ಮಾಡುತ್ತಿದ್ದ. ನಾನು ಅಕ್ಕಿಯ ಮೇಲೆ ಅನುಮಾನಪಟ್ಟೆ. ಅಕ್ಕಿ ಬದಲಾಯಿಸಿದೆ. ಆಮೇಲೆ ಉಪ್ಪು ಬದಲಾಯಿಸಿದೆ. ಕೊನೆಗೆ, ಎಂಟು ವರ್ಷ ಉಂಡ ಖಾರ ಒಳಗೆ ಉಳಿದುಕೊಂಡು ಈಗ ಹೊರಗೆ ಬರುತ್ತಿದೆ ಎಂಬ ಹೊಸ ಸಿದ್ಧಾಂತವನ್ನೂ ಮಾಡಿದೆ.

ಅಷ್ಟರಲ್ಲಿ ಬಸ್ಸು ಹತ್ತಿದ ಮಾತು ಹುಳಿಯಾರು ತಲುಪಿತ್ತು. ದಾರಿಯಲ್ಲಿ ಊರೂರಿಗೂ ಇಳಿದು ಹತ್ತಿ ದಪ್ಪವಾಗಿತ್ತು. ಮಾವನ ಊಟಕ್ಕೆ ಸೊಸೆ ಏನೋ ಬೆರೆಸುತ್ತಾಳಂತೆ, ಮಾವ ಹೆದರಿ ಒಲೆ ಬೇರೆ ಮಾಡಿಕೊಂಡಿದ್ದಾನಂತೆ ಎಂದು ಅಲ್ಲಿ ಕೇಳಿದ ಸವಿತಾಳ ಅಪ್ಪ, ನನ್ನ ಬೀಗರು, ಒಂದು ಸಂಜೆ ಬಂದಿಳಿದರು. ಕೈಯಲ್ಲಿ ಒಂದು ಚೀಲ. ಜಗಲಿ ಮೇಲೆ ಇಟ್ಟರು, ಬಾಯಿ ಬಿಚ್ಚಿ ನೋಡಿದರೆ ಹಸಿಮೆಣಸಿನಕಾಯಿ. "ನಮ್ ಹೊಲದ್ದು ಬೀಗರೇ" ಎಂದರು. ನಾನು ಗೌರಮ್ಮನ ಮುಖ ನೋಡಿದೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಕಣ್ಣಲ್ಲೇ ಕೇಳಿದೆ. ಅವಳು ಚೀಲ ಎತ್ತಿಕೊಂಡು ಒಳಗೆ ಹೋದಳು.

ಬೀಗರು ಜಗಳಕ್ಕೆ ಬಂದಿರಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. ಮಳೆಯ ಮಾತಾಡಿದರು, ದನದ ಮಾತಾಡಿದರು, ನುಸಿ ಬಿದ್ದ ತೆಂಗಿನ ಮಾತಾಡಿದರು. ಆಮೇಲೆ ಟವೆಲ್ಲಿನ ಅಂಚು ಹಿಂಡುತ್ತ, "ಬೀಗರೇ, ನನ್ ಮಗಳಿಂದ ಏನಾದ್ರೂ ತಪ್ಪಾಗಿದ್ರೆ ಹೇಳಿ. ಬುದ್ಧಿ ಹೇಳ್ತೀನಿ. ಇಲ್ಲಾಂದ್ರೆ ಕರ್ಕಂಡ್ ಹೋಗ್ತೀನಿ. ಅವಳ ಕೈಲಿ ಉಣ್ಣಕ್ಕೆ ಹೆದರ್ತಾರೆ ಅಂತ ಮಾತ್ರ ಅನ್ನಿಸ್ಕಬಾರ್ದು. ಹೆಣ್ಮಗಳಿಗೆ ಅದೊಂದ್ ಹೆಸರು ಬಂದ್ರೆ ಮುಗೀತು" ಎಂದರು. ನಾನು, "ಛೆ ಛೆ, ಊಟಕ್ಕೇಳಿ" ಎಂದೆ.

ಬೀಗರು ಮಗಳು ಮಾಡಿದ ಬಸ್ಸಾರಿನಲ್ಲಿ ಎರಡು ಮುದ್ದೆ ಮುಳುಗಿಸಿ, ತಾವೇ ತಂದ ಮೆಣಸಿನಕಾಯಿಯನ್ನು ಸೌತೆಕಾಯಿಯ ಹಾಗೆ ಕಚ್ಚುತ್ತ ಉಂಡರು. ನಾನು ಪಕ್ಕದಲ್ಲಿ ಕೂತು ನನ್ನ ಬಿಳೀ ಅನ್ನ ಉಂಡೆ. ಬೀಗರ ಎದುರಿಗೆ ಹೀಗೆ ಬೇರೆ ಪಾತ್ರೆಯಿಂದ ಬಡಿಸಿಕೊಂಡು ಉಂಡದ್ದು ನೆನೆದರೆ ಈಗಲೂ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ. ಉಂಡಾದ ಮೇಲೆ ಆ ಮುಜುಗರ ಕಳೆಯಲು ನಾನು ಉಪಚಾರಕ್ಕೆ ನಿಂತೆ. ತೆಂಗಿನ ಸೀಮೆಯಲ್ಲಿ ಬೀಗರಿಗೆ ಕೊಬ್ಬರಿ ಬೆಲ್ಲ ಕೊಡದೆ ಮಲಗಿಸುವುದುಂಟೇ? ಒಡಕು ಹೋಳು ಬೇಡವೆಂದು ಅಟ್ಟದಿಂದ ಒಳ್ಳೆಯ ಗಿಟುಕನ್ನೇ ತಂದು ಕತ್ತರಿಸಿ ತಟ್ಟೆ ತುಂಬಿಟ್ಟೆ. ಎಣ್ಣೆ ಜಿನುಗುವಂಥ ಕೊಬ್ಬರಿ. "ಸಾಕು ಬೀಗರೇ" ಎಂದರೆ, "ಇದೇನ್ ಊಟವಾ? ಬಾಯಾಡಿಸಕ್ಕೆ" ಎಂದೆ. ಮಗಳ ಬಾಳು ಸರಿಮಾಡಲು ಬಂದ ಮನುಷ್ಯ, ಬೇಡ ಎಂದರೆ ನಾನೆಲ್ಲಿ ಮುನಿಸಿಕೊಳ್ಳುತ್ತೇನೋ ಎಂದು ತಟ್ಟೆ ಖಾಲಿ ಮಾಡಿದರು. ನಾನೂ ಜೊತೆಗೆ ಕೈ ಹಾಕಿದೆ. ಇಬ್ಬರೂ ಮಲಗಿದೆವು.

ಬೆಳಗ್ಗೆ ನಾನು ಎದ್ದು ಹೊರಗೆ ಬರುವಾಗ ಬೀಗರು ಜಗಲಿಯ ಕಂಬಕ್ಕೆ ಒರಗಿ ಎದೆ ನೀವಿಕೊಳ್ಳುತ್ತಿದ್ದರು.

"ಬೀಗರೇ, ಇದೇನ್ ಹಿಂಗೆ? ಎದೆಯೊಳಗೆ ಕೆಂಡ ಇಟ್ಟಂಗಾಗದೆ. ಹುಳಿಹುಳಿ ಬತ್ತದೆ ಬಾಯಿಗೆ. ಕಣ್ ಮುಚ್ಚಿಲ್ಲ."

ನನಗೆ ಆದ ಸಂತೋಷ ಹೇಳಲು ನಾಚಿಕೆಯಾಗುತ್ತದೆ. ನಾನು ಗೆದ್ದೆ ಎಂದುಕೊಂಡೆ. ಹೆತ್ತ ಅಪ್ಪನೇ ಸಾಕ್ಷಿ. ಗೌರಮ್ಮನನ್ನೂ ಲೋಕೇಶನನ್ನೂ ಕೂಗಿ ಕರೆದು, "ನೋಡಿ, ನಾನೊಬ್ನೇ ಹೇಳಿದ್ರೆ ನಂಬ್ಲಿಲ್ಲ. ಈಗ ಅವರಪ್ಪಂಗೇ ಹತ್ಕಂಡದೆ, ಸಾರು" ಎಂದೆ.

ಬೀಗರು ಎದೆ ನೀವುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಏನ್ ಮಾತಾಡ್ತೀರಾ ಬೀಗರೇ. ಇವಳವ್ವ ಇದರ ಎರಡರಷ್ಟು ಖಾರ ಹಾಕ್ತಾಳೆ. ಮದುವೆ ಆದಾಗಿಂದ ಅದೇ ಉಂಡಿವ್ನಿ, ಒಂದಿನ ತೇಗು ಬಂದಿಲ್ಲ. ನೆನ್ನೆ ನಾನು ಹೊಸದಾಗಿ ತಿಂದಿದ್ದು ಒಂದೇಯ" ಎಂದು ಒಳಗೆ ನೋಡಿದರು. ಮಂಚದ ಪಕ್ಕದಲ್ಲಿ ರಾತ್ರಿಯ ತಟ್ಟೆ ಹಾಗೇ ಇತ್ತು, ಎಣ್ಣೆಯ ಪಸೆ ಹೊಳೆಯುತ್ತಿತ್ತು.

ಸವಿತಾ ಅಪ್ಪನಿಗೆ ಜೀರಿಗೆ ಕಾಯಿಸಿದ ನೀರು ತಂದಳು. ಗೌರಮ್ಮ, "ಈ ಮಗು ಅವತ್ತೇ ಹೇಳ್ಳಿಲ್ವೇನ್ರೀ ನಿಮಗೆ, ಕೊಬ್ಬರಿ ಬುಡಿ ಅಂತ" ಎಂದು ಶುರುಮಾಡಿದರೆ ಸವಿತಾ, "ಅತ್ತೆ, ಹೋಗ್ಲಿ ಬುಡಿ" ಎಂದು ಒಳಗೆ ಹೋದಳು. ಅವಳು ಅಲ್ಲೇ ನಿಂತು ನನ್ನ ಮಾನ ಕಳೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆದರೂ ಕೊಬ್ಬರಿಯ ಮೇಲೆ ಅಪವಾದ ಬಂದಾಗ ನನಗಾದ ಸಂಕಟವನ್ನು ಬೇರೆ ಸೀಮೆಯವರಿಗೆ ವಿವರಿಸುವುದು ಕಷ್ಟ. ಮನೆಮಗ ಕಳ್ಳತನದಲ್ಲಿ ಸಿಕ್ಕಿಬಿದ್ದ ಎಂದು ಕೇಳಿದ ಹಾಗಾಯಿತು. ನನ್ನ ಮಗನನ್ನು ಓದಿಸಿದ್ದು ಅದು, ಮನೆ ಕಟ್ಟಿಸಿದ್ದು ಅದು, ನನ್ನ ಮದುವೆಯಲ್ಲಿ ಮಡಿಲು ತುಂಬಿದ್ದು ಅದು. ಜಗತ್ತಿನ ಎಲ್ಲದರ ಮೇಲೂ ಅನುಮಾನಪಟ್ಟವನು ಅದೊಂದರ ಮೇಲೆ ಪಟ್ಟಿರಲಿಲ್ಲ. ಕೆಲವು ರಾತ್ರಿ ಬಾಯಾಡಿಸದೆ ಮಲಗಿದೆ. ಉರಿ ಬರಲಿಲ್ಲ. ಮಾತ್ರೆ ಕೆಲಸ ಮಾಡಿರಬಹುದು ಎಂದುಕೊಂಡು ಮತ್ತೊಂದು ದಿನ ಎರಡು ಹೋಳು ತಿಂದು ಪರೀಕ್ಷೆ ಮಾಡಿದೆ. ಬಂತು. ಹಾಗೆ ಪರೀಕ್ಷೆ ಮಾಡುವ ನೆಪದಲ್ಲಿ ಇನ್ನೆರಡು ಸಲ ತಿಂದೆ. ಎರಡು ಸಲವೂ ಬಂತು. ಒಡಕು ಕೊಬ್ಬರಿಯ ಪುಟ್ಟಿಯನ್ನು ನಾನೇ ಹೊತ್ತು ಗಾಣಕ್ಕೆ ಹಾಕಿಸಿ ಬಂದೆ. ತುರುವೇಕೆರೆಯ ಡಾಕ್ಟರಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, "ಕೇಳಿದ್ನಲ್ಲ ಯಜಮಾನ್ರೆ, ಏನೂ ತಿನ್ನಲ್ಲ ಅಂದ್ರಿ" ಎಂದರು. "ತಿನ್ನಲ್ಲ ಸಾರ್, ಬಾಯಾಡಿಸ್ತಿದ್ದೆ" ಎಂದೆ. ಅವರು ತಿಪಟೂರಿನವರಂತೆ, ತಟ್ಟನೆ ಅರ್ಥವಾಯಿತು.

ಕರೆಂಟು ಒಲೆಯನ್ನು ಎತ್ತಿ ಲೋಕೇಶನ ಅಂಗಡಿಗೆ ಕೊಟ್ಟೆ, ಬಿಚ್ಚಿ ಏನಾದರೂ ಮಾಡಿಕೋ ಎಂದು. ಅಂದು ಸಂಜೆ ತಟ್ಟೆ ಹಿಡಿದುಕೊಂಡು ಅಡುಗೆಮನೆಗೇ ಹೋಗಿ ನೆಲದ ಮೇಲೆ ಕೂತೆ. ಸವಿತಾ ಮುದ್ದೆ ಇಟ್ಟಳು, ಸಾರು ಬಿಟ್ಟಳು.

"ನಿಂದೇನೂ ತಪ್ಪಿಲ್ಲ ಕಣಮ್ಮ. ಎಲ್ಲಾ ನಂದೇ" ಎಂದೆ.

"ಉಣ್ಣಿ ಮಾವ, ಆರೋಯ್ತದೆ."

"ನೀನು ಮಾಯಸಂದ್ರಕ್ಕೆ ಹೋಗಬೇಡ."

ಅವಳು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ ಹೇಳಿದಳು, "ಮಾವ, ತಪ್ಪು ಅಂತ ನನ್ ಮುಂದೆ ಒಪ್ಕಂಡ್ರೆ ನಂಗೇನ್ ಬಂತು. ನೀವ್ ಅಂದಿದ್ದು ಬಸ್‌ಸ್ಟ್ಯಾಂಡಲ್ಲಿ. ಅಲ್ಲೇ ಹೇಳಿ. ನಾನು ಮಹಿಳಾ ಸಂಘದ ಹೆಂಗಸ್ರ ಜೊತೆ ಕೂತ್ಕಂಡು ಒಂದ್ ತಟ್ಟೆ ಅವಲಕ್ಕಿ ಮುಂದಿಟ್ರೆ ಒಬ್ಬರ ಮುಖ ಒಬ್ಬರು ನೋಡ್ಕತಾರೆ."

ಮಾರನೇ ಬೆಳಗ್ಗೆ ಶಿವನಂಜನ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಅಷ್ಟೇ ಜನ ಇದ್ದರು. ಎಲ್ಲರಿಗೂ ಕೇಳುವ ಹಾಗೆ, ಹೈಸ್ಕೂಲಿನಲ್ಲಿ ಪ್ರತಿಜ್ಞೆ ಓದಿದಂತೆ ಹೇಳಿದೆ, "ನನ್ ಎದೆ ಉರಿಗೆ ಕಾರಣ ಕೊಬ್ಬರಿ. ಸೊಸೆ ಅಡಿಗೆ ಚೆನ್ನಾಗದೆ. ನಾನು ಅವತ್ತು ಆಡಿದ್ದು ತಪ್ಪು."

ಶಿವನಂಜ ಟೀ ಸೋಸುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹತ್ತಿರ ಬಂದು ದನಿ ತಗ್ಗಿಸಿದ. "ಬೀಗ ಬಂದಿದ್ನಂತಲ್ಲೋ. ಏನಾರ ಹೆದರಿಸಿದ್ನಾ?"

"ಇಲ್ಲ ಕಣ್ಲಾ. ನಿಜವಾಗ್ಲೂ ಕೊಬ್ಬರೀನೇ."

"ಕೊಬ್ಬರಿ ತಂಪಲ್ವೇನ್ಲಾ."

"ಅದೆಲ್ಲ ಎಣ್ಣೆ ಕಣೋ. ಉಂಡ್ ಮಲಗೋವಾಗ ತಿನ್ಬಾರ್ದು. ಡಾಕ್ಟ್ರು ಹೇಳವ್ರೆ."

"ಹೇಳ್ತಾರೆ, ಹೇಳ್ತಾರೆ" ಎಂದು ಅವನು ನನ್ನ ಭುಜ ತಟ್ಟಿದ. "ಹೋಗ್ಲಿ ಬುಡು. ವಯಸ್ಸಾದ ಮೇಲೆ ಯಾರ್ ಕೈಲಿ ಊಟ ಅದೆಯೋ ಅವರನ್ನ ಹೊಗಳ್ಕಂಡೇ ಇರಬೇಕು. ನಮ್ಮನೇಲೂ ಅದೇಯ." ಬೆಂಚಿನ ಮೇಲಿದ್ದ ಒಬ್ಬರು ಅಯ್ಯೋ ಪಾಪ ಎಂದು ನಾಲಿಗೆ ಲೊಚಗುಟ್ಟಿದರು. ನನ್ನ ಟೀಗೆ ಅಂದು ಶಿವನಂಜ ಸಕ್ಕರೆ ಜಾಸ್ತಿ ಹಾಕಿದ್ದ, ಕನಿಕರಕ್ಕೆ. ಬಸ್ಸು ಬಂತು. ಎಲ್ಲರೂ ಹತ್ತಿದರು.

ಸೊಸೆಯ ಮೇಲೆ ನಾನು ಹೊರಿಸಿದ ಅಪವಾದವನ್ನು ಒಂದು 'ಮತ್ತೆ'ಯಲ್ಲಿ ನಂಬಿದವರು ಯಾರೂ ನಾನು ಹೇಳಿದ ನಿಜವನ್ನು ನಂಬಲಿಲ್ಲ. ಆಮೇಲೆ ಒಂದೆರಡು ಸಲ ಪ್ರಯತ್ನಪಟ್ಟೆ. ನಾನು ಹೆಚ್ಚು ಹೊಗಳಿದಷ್ಟೂ ಅವರು ಹೆಚ್ಚು ಮರುಗಿದರು. ವಾರದೊಳಗೆ ಊರಲ್ಲಿ, ಆ ಸೊಸೆ ಮಾವನ ಬಾಯಲ್ಲೇ ಹೊಗಳಿಸಿಕೊಳ್ಳುತ್ತಾಳಂತೆ, ಎಂಥ ಗಟ್ಟಿಗಿತ್ತಿ ಇರಬೇಕು ಎಂಬ ಮಾತು ಹುಟ್ಟಿತು. ಮನೆಗೆ ಬಂದು ಸವಿತಾಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಮೊದಲು ಮುಖ ಸಣ್ಣದು ಮಾಡಿಕೊಂಡಳು. ಆಮೇಲೆ ಅವಳಿಗೆ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಸಾಕು ಮಾವ, ಇನ್ ಎಲ್ಲೂ ಹೇಳಕ್ಕೋಗಬೇಡಿ. ನೀವ್ ಹೇಳಿದಷ್ಟೂ ನನ್ ಹೆಸರು ಕೆಡ್ತದೆ. ಬರೆಯಕ್ಕೆ ಬತ್ತದಲ್ಲ ನಿಮಗೆ, ಬರೆದುಬುಡಿ. ಬರೆದಿದ್ದಾದ್ರೆ ನಂಬ್ತಾರೇನೋ" ಎಂದಳು.

ಅದಕ್ಕೇ ಬರೆದಿದ್ದೇನೆ. ಇದನ್ನೂ ಸೊಸೆ ಪಕ್ಕದಲ್ಲಿ ನಿಂತು ಬರೆಸಿದಳು ಎಂದು ನಿಮಗೆ ಅನುಮಾನ ಬರಬಹುದು. ಬರಬಾರದು ಎಂದು ನಿಮಗೆ ಹೇಳುವ ಅರ್ಹತೆ ನನಗಿಲ್ಲ. ಅವಳು ನಿಂತಿರಲಿಲ್ಲ, ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಬರೆದು ಮುಗಿಸಿದ ಮೇಲೆ ಒಂದು ಸಲ ಓದಿದಳು, ಅಷ್ಟೆ. ಎಲ್ಲಾ ಸರಿಯಾಗಿದೆ ಮಾವ, ಒಂದೇ ಒಂದು ಸಾಲು ತೆಗೆದುಬುಡಿ ಎಂದಳು. ತೆಗೆದಿದ್ದೇನೆ.